ಗದ್ದೆಪ್ಪ ತಂದೆ ಅಂಬಪ್ಪ

ಮಸ್ಕಿ
೮ ಮಾರ್ಚ್ ೧೯೮೭

ತಮ್ಮ ಗದ್ದೆಪ್ಪನಿಗೆ,

ನಿನ್ನ ವಿಳಾಸ ನನಗೆ ಸಿಕ್ಕಿದ್ದು ಖಾಜಾಸಾಬ್ ಕಾಕಾನ ಅಂಗಿಯ ಜೇಬಿನಿಂದ. ಅಪ್ಪನ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುವವನಿಗೆ ಕಾರ್ಡು ಬರೆಯಲು ನಿನಗೆ ಕೈ ಬಂತು, ಒಡಹುಟ್ಟಿದ ಅಕ್ಕನಿಗೆ ಎರಡು ಸಾಲು ಬರೆಯಲು ಬರಲಿಲ್ಲ. ಹದಿಮೂರು ತಿಂಗಳಾಯಿತು. ನಮ್ಮ ಆಸ್ಪತ್ರೆಗೆ ಗುರುತಿಲ್ಲದ ಹೆಣ ಬಂದರೆ ನರ್ಸಮ್ಮ ಬಾ ಎಂದು ನನ್ನನ್ನೇ ಕರೆಯುತ್ತಾರೆ. ಮುಖದ ಮೇಲಿನ ಬಟ್ಟೆ ಸರಿಸುವ ಮುಂಚೆ ನಾನು ಪ್ರತಿ ಸಲ ಎಷ್ಟು ಹೊತ್ತು ನಿಲ್ಲುತ್ತೇನೆ ಎಂಬುದು ನಿನಗೆ ಗೊತ್ತಿರಲಿ ಎಂದು ಬರೆದೆ.

ಆ ಮದುವೆಯಲ್ಲಿ ನಾನಿರಲಿಲ್ಲ. ಕಾಕಾ ಹೇಳಿದ್ದಷ್ಟೇ ಗೊತ್ತು. ದಢೇಸುಗೂರಿನ ಆಚೆ, ಗದ್ದೆ ಮಾಡಲು ಬಂದು ನೆಲೆಸಿದ ಆಂಧ್ರದವರ ಕ್ಯಾಂಪಿನಲ್ಲಿ ಮದುವೆ, ಹೆಣ್ಣನ್ನು ಕಾರಿನಲ್ಲಿ ಕೂರಿಸುವ ಹೊತ್ತು, ಹೆಂಗಸರೆಲ್ಲ ಅಳುತ್ತಿದ್ದರು. ನೀನು ತೆಲುಗು ಸಿನಿಮಾದ ಹಾಡು ಎತ್ತಿದವನು ನಡುವೆಯೇ ಅದನ್ನು ಬಿಟ್ಟು, ಕ್ಲಾರಿನೆಟ್ಟಿನಲ್ಲಿ ಕಿರಿಚಿದೆಯಂತೆ. ಹಾಡಿಗೆ ಮರಳಿ ಬರಲೇ ಇಲ್ಲವಂತೆ. ಡ್ರಮ್ಮಿನವರು ಕೈ ನಿಲ್ಲಿಸಿದರೂ ನೀನು ನಿಲ್ಲಿಸಲಿಲ್ಲ. ಮದುಮಗಳು ಹೆದರಿ ಕಾರಿನಿಂದ ಇಳಿದಳು. ಆಗ ಅಪ್ಪ ನಿನ್ನ ಕೈಯಿಂದ ಕ್ಲಾರಿನೆಟ್ ಕಿತ್ತುಕೊಂಡು ಹೆಣ್ಣಿನ ತಂದೆಯ ಮುಂದೆ ಹೇಳಿದನಂತಲ್ಲ, "ಇಂವ ನನ್ನ ಮಗ ಅಲ್ರೀ. ಬಾಡಿಗಿ ಮ್ಯಾಲ ಬಂದಾನ" ಅಂತ.

ಅಪ್ಪ ಹೇಳಿದ್ದು ಬ್ಯಾಂಡಿನ ಹೆಸರು ಉಳಿಸಲಿಕ್ಕೆ. ಅದು ಅವನಿಗೂ ಗೊತ್ತು, ನಿನಗೂ ಗೊತ್ತು. ನೀನು ಅಲ್ಲಿಂದಲೇ ಸಿಂಧನೂರಿಗೆ ನಡೆದು ಬಸ್ಸು ಹತ್ತಿದೆ. ಅವನೂ ಕೂಗಿ ಕರೆಯಲಿಲ್ಲ. ಈಗ ನಿನ್ನ ಹೆಸರು ಎತ್ತುವುದಿಲ್ಲ. ನಿನ್ನ ಕ್ಲಾರಿನೆಟ್ಟನ್ನು ಈಗ ಬ್ಯಾಂಡಿನ ಹುಡುಗ ಆದಪ್ಪ ಊದುತ್ತಾನೆ.

ಏನು ತಿನ್ನುತ್ತಿ, ಎಲ್ಲಿ ಮಲಗುತ್ತಿ, ಅಷ್ಟನ್ನಾದರೂ ಬರೆ.

ನಿನ್ನ ಅಕ್ಕ
ಅಮರಮ್ಮ


ಮುಂಬಯಿ
೨ ಏಪ್ರಿಲ್ ೧೯೮೭

ಅಕ್ಕನಿಗೆ,

ಬೈಕುಳಾದಲ್ಲಿ ರಾಜಾಬೀ ಎಂಬ ಮುದುಕಿಯ ಮನೆಯ ಅಟ್ಟದ ಮೇಲಿದ್ದೇನೆ. ಎರಡು ಹೊತ್ತು ಊಟಕ್ಕೆ ಕೊರತೆಯಿಲ್ಲ. ಸಮುದ್ರದ ಕಡೆಗಿನ ಒಂದು ಹೋಟೆಲಿನಲ್ಲಿ ಸಂಜೆ ಮೂರು ತಾಸು ಸ್ಯಾಕ್ಸೋಫೋನ್ ಊದುತ್ತೇನೆ. ಬಿಳಿ ಕೋಟು ಕೊಟ್ಟಿದ್ದಾರೆ. ಗದ್ದೆಪ್ಪ ಎಂದು ಕರೆಯಲು ಮ್ಯಾನೇಜರನಿಗೆ ನಾಲಿಗೆ ಹೊರಳದೆ, ಇಲ್ಲಿ ನನ್ನ ಹೆಸರು ಗ್ಯಾರಿ ಎಂದಾಗಿದೆ. ಸಂಬಳದ ಪುಸ್ತಕದಲ್ಲೂ ಅದೇ ಹೆಸರು.

ಅಂದು ಏಕೆ ಹಾಗೆ ಮಾಡಿದೆ ಎಂದು ನೀನು ಕೇಳಿಲ್ಲ. ಆದರೂ ಬರೆಯುತ್ತೇನೆ. ಹಟ್ಟಿ ಚಿನ್ನದ ಗಣಿಯಲ್ಲಿ ಪಿಂಟೊ ಸಾಹೇಬರು ಇದ್ದರಲ್ಲ, ಅವರ ನಿವೃತ್ತಿಯ ಬೀಳ್ಕೊಡುಗೆಗೆ ನಮ್ಮ ಬ್ಯಾಂಡು ಹೋಗಿತ್ತು. ನಾನು ಊದಿದ್ದನ್ನು ಕೇಳಿ ಮರುದಿನ ಮನೆಗೆ ಬಾ ಎಂದರು. ಗ್ರಾಮೋಫೋನಿನ ಮೇಲೆ ಒಂದು ತಟ್ಟೆ ಇಟ್ಟರು. ಅಮೇರಿಕದ ಒಬ್ಬ ಕರಿಯ ಮನುಷ್ಯ ಊದಿದ್ದು. ತಟ್ಟೆ ಕೆಟ್ಟಿದೆ ಎಂದೇ ನಾನು ತಿಳಿದೆ. ಸಾಹೇಬರು ನಗಲಿಲ್ಲ. ಇನ್ನೊಂದು ಸಲ ಹಾಕಿದರು. ಮೂರನೆಯ ಸಲಕ್ಕೆ ನನಗೆ ತಿಳಿಯಿತು, ಅವನು ಹಾಡನ್ನು ಮರೆತಿಲ್ಲ, ಬೇಕೆಂದೇ ಅದರಿಂದ ಹೊರಗೆ ಹೋಗಿದ್ದಾನೆ. ಹೋದವನು ಹೆದರಿದ್ದಾನೆ. ಹೆದರಿಕೊಂಡೇ ಇನ್ನೂ ದೂರ ಹೋಗುತ್ತಿದ್ದಾನೆ. ನಂತರ ಹಲವು ಭಾನುವಾರ ಲಿಂಗಸುಗೂರಿಗೆ ಹೋಗುತ್ತೇನೆಂದು ನಿಮಗೆ ಸುಳ್ಳು ಹೇಳಿ ಹಟ್ಟಿಗೆ ಹೋದೆ. ಅವರು ಊರು ಬಿಡುವಾಗ ತಮ್ಮ ಹಳೆಯ ಸ್ಯಾಕ್ಸೋಫೋನನ್ನು ನನಗೇ ಬಿಟ್ಟುಹೋದರು. ಅದನ್ನು ನಿಮಗೆ ಕಾಣದಂತೆ ಸಿಂಧನೂರಿನ ಗೆಳೆಯನೊಬ್ಬನ ಮನೆಯಲ್ಲಿ ಇಟ್ಟಿದ್ದೆ, ಅಂದು ಬಸ್ಸು ಹತ್ತುವ ಮುಂಚೆ ತೆಗೆದುಕೊಂಡೆ.

ಆ ಮದುವೆಯಲ್ಲಿ ಆ ಹೆಣ್ಣು ಅಳುತ್ತಿದ್ದಳು ಅಕ್ಕ. ಎಲ್ಲರೂ ಅಳುವುದು ವಾಡಿಕೆ, ಆದರೆ ಅವಳದು ವಾಡಿಕೆಯ ಅಳುವಾಗಿರಲಿಲ್ಲ. ಅವಳ ಮುಂದೆ ಆ ಸಿನಿಮಾ ಹಾಡು ಊದಲು ನನಗೆ ಆಗಲಿಲ್ಲ. ಬಾಯಿ ತಾನಾಗಿ ಹೋಯಿತು. ತಪ್ಪು ಮಾಡಿದೆನೋ ಏನೋ, ಇಂದಿಗೂ ತಿಳಿಯುತ್ತಿಲ್ಲ.

ಅಪ್ಪನಿಗೆ ಈ ಕಾಗದ ಓದಿ ಹೇಳಬೇಡ.

ನಿನ್ನ ತಮ್ಮ
ಗದ್ದೆಪ್ಪ


ಮಸ್ಕಿ
೨೧ ಆಗಸ್ಟ್ ೧೯೮೮

ಗದ್ದೆಪ್ಪ,

ನಾಲ್ಕು ತಿಂಗಳಿಂದ ನಿನ್ನ ಕಾಗದವಿಲ್ಲ. ಪಕ್ಕದ ಮನೆಯ ಶಂಶಾದ್‌ಬೀ ಚಾಚಿ ಮೊನ್ನೆ ನೀರು ತುಂಬುವಾಗ ನನ್ನನ್ನು ಬದಿಗೆ ಕರೆದಳು. ಅವಳ ತಮ್ಮ ಮುಂಬಯಿಯಿಂದ ಬಂದಿದ್ದನಂತೆ. ನಿನ್ನನ್ನು ರಸ್ತೆಯಲ್ಲಿ ನೋಡಿದನಂತೆ. ಹೋಟೆಲಿನವರು ನಿನ್ನನ್ನು ತೆಗೆದುಹಾಕಿದ್ದಾರೆ, ಸೊರಗಿ ಕಡ್ಡಿಯಾಗಿದ್ದೀಯ, ಗಡ್ಡ ಬಿಟ್ಟಿದ್ದೀಯ, ಮಾತಾಡಿಸಿದರೆ ಬೇರೆ ಎಲ್ಲೋ ನೋಡುತ್ತೀಯ ಎಂದನಂತೆ. ಚಾಚಿ ಇದನ್ನು ಹೇಳುವಾಗ ದನಿ ಇಳಿಸಿದಳು. ಕುಡಿಯುತ್ತಾನೇನೋ ಎಂದು ಅವಳು ಕೇಳಲಿಲ್ಲ. ನಾನೇ ಅದನ್ನು ಕೇಳಿಸಿಕೊಂಡೆ.

ಆಸ್ಪತ್ರೆಯಲ್ಲಿ ಎಂತೆಂಥವರನ್ನೋ ನೋಡುತ್ತೇನೆ. ಮಗನಿಗೆ ಏನೂ ಆಗಿಲ್ಲ, ಬರೀ ನಿದ್ದೆಯಿಲ್ಲ ಎನ್ನುತ್ತ ತಾಯಂದಿರು ಕರೆತರುತ್ತಾರೆ. ಅಂಥ ಹುಡುಗರ ಕಣ್ಣು ನೋಡಿದ ದಿನ ಮನೆಗೆ ಬಂದು ನಿನ್ನ ಹಳೆಯ ಕಾಗದ ತೆಗೆದು ಓದುತ್ತೇನೆ.

ಅಪ್ಪ ಕೇಳುವುದಿಲ್ಲ. ಆದರೆ ಅಂಚೆಯ ಅಂಬಾಸ ಓಣಿಗೆ ಬರುವ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಅವನು ದಾಟಿ ಹೋದ ಮೇಲೆ, ಬಿಸಿಲು ನೋಡಲು ಬಂದಿದ್ದೆ ಎಂಬಂತೆ ಒಳಗೆ ಹೋಗುತ್ತಾನೆ.

ನಿಜ ಬರೆ. ಸುಳ್ಳು ಬರೆದರೆ ನನಗೆ ಅಕ್ಷರದಲ್ಲೇ ಗೊತ್ತಾಗುತ್ತದೆ.

ಅಮರಮ್ಮ


ಮುಂಬಯಿ
೧೧ ಸೆಪ್ಟೆಂಬರ್ ೧೯೮೮

ಅಕ್ಕನಿಗೆ,

ಕುಡಿಯುವುದಿಲ್ಲ. ಹೋಟೆಲಿನವರು ತೆಗೆದುಹಾಕಲಿಲ್ಲ, ನಾನೇ ಬಿಟ್ಟೆ. ಆರು ತಿಂಗಳಾಯಿತು. ಬರೆದರೆ ನೀನು ಹೆದರುತ್ತೀಯ ಎಂದು ಬರೆಯಲಿಲ್ಲ, ಬರೆಯದೆ ಇನ್ನೂ ಹೆದರಿಸಿದೆ.

ಈಗ ಒಂದು ಶಾಲೆಯಲ್ಲಿ ಮಕ್ಕಳಿಗೆ ಕ್ಲಾರಿನೆಟ್ ಕಲಿಸುತ್ತೇನೆ. ಭಾನುವಾರ ಬೆಳಿಗ್ಗೆ ಆ ಶಾಲೆಯ ಸಭೆ ನಡೆಸುವ ಹಾಲ್ ಖಾಲಿ ಇರುತ್ತದೆ. ನಾವು ಮೂವರು ಅಲ್ಲಿ ಸೇರುತ್ತೇವೆ. ಒಬ್ಬ ಡ್ರಮ್ಮು, ಒಬ್ಬ ದೊಡ್ಡ ತಂತಿ ವಾದ್ಯ, ನಾನು ಒಮ್ಮೆ ಸ್ಯಾಕ್ಸೋಫೋನ್, ಒಮ್ಮೆ ಕ್ಲಾರಿನೆಟ್. ಏನು ನುಡಿಸಬೇಕು ಎಂದು ಮೊದಲೇ ಮಾತಾಡಿಕೊಳ್ಳುವುದಿಲ್ಲ. ಒಬ್ಬ ಶುರು ಮಾಡುತ್ತಾನೆ, ಉಳಿದವರು ಅವನಿಗೆ ಉತ್ತರ ಕೊಡುತ್ತಾರೆ, ಇಲ್ಲವೆ ಅವನ ಜೊತೆ ಜಗಳ ತೆಗೆಯುತ್ತಾರೆ. ಜನ ಬರುತ್ತಾರೆ. ಮೂವತ್ತು ಜನ ಬಂದರೆ ಹತ್ತು ಜನ ನಡುವೆ ಎದ್ದು ಹೋಗುತ್ತಾರೆ. ಒಬ್ಬ ಪತ್ರಿಕೆಯವನು ಬಂದು, ಇದು ಸಂಗೀತವಲ್ಲ, ಗಾಡಿ ಕೀಲಿಗೆ ಎಣ್ಣೆ ಬಿಡದ ಸಪ್ಪಳ ಎಂದು ಬರೆದ. ಆ ಕಾಗದದ ತುಂಡನ್ನು ಜೇಬಿನಲ್ಲಿ ಇಟ್ಟುಕೊಂಡು ಒಂದು ವಾರ ತಿರುಗಿದೆ. ಚಾಚಿಯ ತಮ್ಮ ನನ್ನನ್ನು ನೋಡಿದ್ದು ಅದೇ ವಾರ ಇರಬೇಕು.

ನನಗೂ ಭಯವಿದೆ ಅಕ್ಕ. ನಾನು ಮಾಡುತ್ತಿರುವುದು ನಿಜವಾಗಿ ಏನಾದರೂ ಹೌದೋ, ಅಥವಾ ಇಷ್ಟು ದೂರ ಬಂದ ಮೇಲೆ ಸುಮ್ಮನೆ ಹಟ ಹಿಡಿದಿದ್ದೇನೋ. ಬೆಳಿಗ್ಗೆ ಎದ್ದು ಒಂದು ಸ್ವರ ಹಿಡಿದು ಒಂದು ತಾಸು ಅದನ್ನೇ ಊದುತ್ತೇನೆ. ಅದು ಸರಿಬಂದ ದಿನ ಭಯ ಇರುವುದಿಲ್ಲ. ಅಂಥ ದಿನ ವಾರಕ್ಕೆ ಒಂದು.

ಇದನ್ನು ಕೇಳಿ ಹೇಳಬಲ್ಲ ಮನುಷ್ಯ ಒಬ್ಬನೇ ಇದ್ದಾನೆ. ಅವನು ಮಸ್ಕಿಯಲ್ಲಿದ್ದಾನೆ, ನನ್ನ ಹೆಸರು ಎತ್ತುವುದಿಲ್ಲ.

ಗದ್ದೆಪ್ಪ


ಮುಂಬಯಿ
೪ ಜನವರಿ ೧೯೯೦

ಅಕ್ಕನಿಗೆ,

ಸಾವಕಾಶವಾಗಿ ಓದು. ಜರ್ಮನಿಯಿಂದ ಕಾಗದ ಬಂದಿದೆ. ಹೋದ ವರ್ಷ ನಮ್ಮ ಭಾನುವಾರದ ಹಾಲಿಗೆ ಒಬ್ಬ ಜರ್ಮನ್ ಬಂದು ಟೇಪು ಮಾಡಿಕೊಂಡಿದ್ದ. ಅಲ್ಲಿ ಜೂನ್ ತಿಂಗಳಲ್ಲಿ ಒಂದು ಉತ್ಸವವಿದೆಯಂತೆ, ನಮ್ಮಂತೆ ನುಡಿಸುವವರದ್ದೇ ಉತ್ಸವ. ನಮ್ಮ ಮೂವರನ್ನೂ ಕರೆದಿದ್ದಾರೆ. ಉಳಿದಿಬ್ಬರ ಹತ್ತಿರ ಪಾಸ್‌ಪೋರ್ಟ್ ಇದೆ, ನನಗಿಲ್ಲ.

ಅರ್ಜಿ ಹಾಕಿದ್ದೇನೆ. ಖಾಯಂ ವಿಳಾಸ ಮಸ್ಕಿಯದು. ಅಲ್ಲಿಗೆ ಪೊಲೀಸರು ವಿಚಾರಣೆಗೆ ಬರುತ್ತಾರೆ. ಇಂಥವನು ನಿಮ್ಮ ಮಗನೇ, ನಡತೆ ಹೇಗೆ ಎಂದು ಅಪ್ಪನನ್ನು ಕೇಳುತ್ತಾರೆ. ಅಪ್ಪನ ಹೇಳಿಕೆ ಬರೆದುಕೊಂಡು ಸಹಿ ಮಾಡಿಸಿಕೊಳ್ಳುತ್ತಾರೆ.

ಇದನ್ನು ಬರೆದು ಎರಡು ಸಲ ಹರಿದೆ. ಒಮ್ಮೆ ಅಷ್ಟು ಜನರ ಮುಂದೆ ಅವನ ಬಾಯಿಂದ ಬಂದ ಮಾತು ಮತ್ತೊಮ್ಮೆ ಬಂದರೆ, ಈ ಸಲ ಅದು ಸರಕಾರದ ಕಾಗದದ ಮೇಲೆ ಕೂಡುತ್ತದೆ. ಪೊಲೀಸರು ಬಂದಾಗ ನೀನು ಮನೆಯಲ್ಲಿರು. ನೀನು ಪಕ್ಕದಲ್ಲಿ ನಿಂತಿದ್ದರೆ ಅವನು ಹಾಗೆ ಹೇಳಲಾರ.

ಗದ್ದೆಪ್ಪ


ಮಸ್ಕಿ
೨೬ ಫೆಬ್ರವರಿ ೧೯೯೦

ಗದ್ದೆಪ್ಪ,

ನಾನು ಮನೆಯಲ್ಲಿರಲಿಲ್ಲ. ಕುಟುಂಬ ಯೋಜನೆಯ ಶಿಬಿರಕ್ಕೆಂದು ಸಿಂಧನೂರಿಗೆ ಮೂರು ದಿನ ಹಾಕಿದ್ದರು, ಬರುವುದಿಲ್ಲ ಎನ್ನಲು ಆಗಲಿಲ್ಲ. ಆ ಮೂರು ದಿನದಲ್ಲೇ, ಗುರುವಾರ, ಪೊಲೀಸರು ಬಂದು ಹೋಗಿದ್ದಾರೆ.

ಬಂದದ್ದು ಹೆಡ್ ಕಾನ್‌ಸ್ಟೇಬಲ್ ದೊಡ್ಡಬಸಪ್ಪ. ಅಪ್ಪನನ್ನು ಕೇಳಿದೆ. ಬಂದಿದ್ರು, ಹೋದ್ರು ಎಂದ. ಏನು ಕೇಳಿದರು ಎಂದೆ. ಎದ್ದು ಎತ್ತಲೋ ಹೋದ. ಮರುದಿನ ಮತ್ತೆ ಕೇಳಿದೆ, ಅನ್ನದ ತಾಟಿನಿಂದ ಎದ್ದ. ಆಮೇಲೆ ಕೇಳುವ ಧೈರ್ಯ ಬರಲಿಲ್ಲ.

ಠಾಣೆಗೂ ಹೋದೆ. ದೊಡ್ಡಬಸಪ್ಪ ಒಳ್ಳೆಯ ಮನುಷ್ಯ, ಅವನ ಹೆಂಡತಿಯ ಹೆರಿಗೆ ಮಾಡಿಸಿದ್ದು ನಾನೇ. ಆದರೂ, ಅದು ಹೇಳುವ ಹಂಗಿಲ್ಲರೀ ಸಿಸ್ಟರ್, ಬರೆದು ಕಳಿಸೀನಿ ಎಂದಷ್ಟೇ ಅಂದ.

ಇದನ್ನು ಬರೆಯಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ. ನಿನಗೆ ತಿಳಿದಿರಲಿ. ಗೋಡೆಯ ಆಚೆ ಬಟ್ಟೆ ಒಗೆಯುತ್ತಿದ್ದ ಶಂಶಾದ್‌ಬೀ ಚಾಚಿಗೆ ಅಪ್ಪನ ದನಿ ಏರಿದ್ದು ಕೇಳಿಸಿದೆ. "ಯಾವ ಮಗ?" ಎಂದನಂತೆ. ಅದರ ಮುಂದಿನದು ನೀರಿನ ಸಪ್ಪಳದಲ್ಲಿ ಅವಳಿಗೆ ಕೇಳಿಸಲಿಲ್ಲ.

ಬೇರೆ ದಾರಿ ಏನಾದರೂ ಇದ್ದರೆ ಈಗಲೇ ಹುಡುಕು. ಇನ್ನೊಬ್ಬರ ಸಾಕ್ಷಿ ನಡೆಯುತ್ತದೆಯೇ ಎಂದು ವಿಚಾರಿಸು. ನಾನು ಬಂದು ಸಹಿ ಮಾಡುತ್ತೇನೆ.

ಅಮರಮ್ಮ


ಮುಂಬಯಿ
೩೦ ಏಪ್ರಿಲ್ ೧೯೯೦

ಅಪ್ಪನಿಗೆ,

ಇದು ನಿಮಗೆ ನಾನು ಬರೆಯುತ್ತಿರುವ ಮೊದಲನೆಯ ಕಾಗದ. ಅಕ್ಕ ಇದನ್ನು ಓದಿ ಹೇಳಲಿ.

ಪಾಸ್‌ಪೋರ್ಟ್ ಬಂದಿಲ್ಲ. ಇನ್ನು ಬರುವುದೂ ಇಲ್ಲ. ಜರ್ಮನಿಯವರು ಟಿಕೇಟು ತೆಗೆಯಬೇಕು, ಹೆಸರು ಹೇಳಿ ಎಂದು ಮೂರು ಸಲ ಬರೆದರು. ಕೊನೆಗೆ ನನ್ನ ಜಾಗದಲ್ಲಿ ಬೇರೊಬ್ಬನ ಹೆಸರು ಹೋಗಿದೆ.

ಕ್ಯಾಂಪಿನ ಮದುವೆಯಲ್ಲಿ ನೀವು ಅಂದದ್ದನ್ನು ನಾನು ನುಂಗಿದ್ದೆ. ಬ್ಯಾಂಡಿನ ಮಂದಿಯ ಹೊಟ್ಟೆಗಾಗಿ ಅಂದಿರಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಈ ಸಲ ಯಾರ ಹೊಟ್ಟೆಗಾಗಿ? ನಿಮ್ಮ ಮನೆಯಲ್ಲಿ, ನಿಮ್ಮ ಕಟ್ಟೆಯ ಮೇಲೆ ಕುಳಿತು, ಒಬ್ಬ ಪೊಲೀಸಿನವನ ಮುಂದೆ ನನ್ನನ್ನು ಅಳಿಸಿಹಾಕಿದಿರಿ.

ಏಳು ವರ್ಷದವನಿದ್ದಾಗ ನನ್ನ ಬಾಯಿಗೆ ಕ್ಲಾರಿನೆಟ್ ಇಟ್ಟವರು ನೀವು. ಇಡಬಾರದಿತ್ತು. ಕುರಿ ಕಾಯಲು ಕಳಿಸಿದ್ದರೆ ಇಷ್ಟು ಹೊತ್ತಿಗೆ ಸುಖವಾಗಿರುತ್ತಿದ್ದೆ. ಇನ್ನು ಮೇಲೆ ನಾನು ನಿಮ್ಮ ಮಗನಲ್ಲ. ಈ ಸಲ ನಾನು ಹೇಳುತ್ತಿದ್ದೇನೆ.

ಗದ್ದೆಪ್ಪ


ಮಸ್ಕಿ
೧೦ ಮೇ ೧೯೯೦

ಗದ್ದೆಪ್ಪ,

ಅಪ್ಪ ಮನೆಯಲ್ಲಿಲ್ಲ. ಇವತ್ತಿಗೆ ಮೂರು ದಿನ.

ಸೋಮವಾರ ನಿನ್ನ ಕಾಗದ ಬಂದಾಗ ನಾನು ಡ್ಯೂಟಿಯ ಮೇಲಿದ್ದೆ. ಅಪ್ಪ ನಿಜಾಮನ ಕಾಲದಲ್ಲಿ ಓದಿದ್ದು ನಾಲ್ಕಕ್ಷರ ಉರ್ದು, ಕನ್ನಡ ಓದಲು ಬರುವುದಿಲ್ಲ, ನಿನಗೆ ಗೊತ್ತಲ್ಲ. ಖಾಜಾಸಾಬ್ ಕಾಕಾನನ್ನು ಕರೆಸಿ ಓದಿಸಿದ್ದಾನೆ. ಕಾಕಾ ಅರ್ಧಕ್ಕೆ ನಿಲ್ಲಿಸಿ, ಇಷ್ಟೇ ಐತಿ ಅಂಬಪ್ಪ ಎಂದನಂತೆ. ಅಪ್ಪ ಹಾಳೆಯ ಮೇಲೆ ಕೈಯಾಡಿಸಿ, "ಇನ್ನಾ ಕೆಳಗ ಮಸಿ ಐತಿ. ಪೂರಾ ಓದು" ಎಂದನಂತೆ. ಕಾಕಾ ಓದಿದ. ನಾನು ಬಂದಾಗ ಅಪ್ಪ ಎಂದಿನಂತೆ ಇದ್ದ, ಉಂಡ, ಮಲಗಿದ. ಬೆಳಿಗ್ಗೆ ಎದ್ದಾಗ ಹಾಸಿಗೆ ಮಡಚಿತ್ತು. ಗೂಟದ ಮೇಲೆ ಬ್ಯಾಂಡಿನ ಕೆಂಪು ಕೋಟು ಇರಲಿಲ್ಲ. ಯಾರ ಮದುವೆಯೂ ಇಲ್ಲದ ದಿನ ಆ ಕೋಟು ಯಾಕೆ ಬೇಕಾಗಿತ್ತು?

ಲಿಂಗಸುಗೂರಿನಲ್ಲಿ ಕೇಳಿದೆವು. ಸಿಂಧನೂರಿಗೆ ಕಾಕಾ ಹೋದ. ಮುಕ್ಕುಂದದಲ್ಲಿ ಅವ್ವನ ತವರಿಗೆ ಆದಪ್ಪನನ್ನು ಕಳಿಸಿದೆ. ಅಲ್ಲಿ ಹೊಳೆಯೂ ಇದೆ, ಕಾಲುವೆಯೂ ಇದೆ. ಆದಪ್ಪ ವಾಪಸು ಬರುವವರೆಗೆ ಏನೇನು ಯೋಚಿಸಿದೆ ಎಂದು ಬರೆಯಲಾರೆ. ಅಲ್ಲೂ ಇಲ್ಲ.

ನಿನ್ನೆ ಠಾಣೆಗೆ ಹೋಗಿ ಕಾಣೆಯಾದ ಫಿರ್ಯಾದು ಬರೆಸುವಾಗ ನನಗೆ ಅಳು ತಡೆಯಲಾಗಲಿಲ್ಲ. ನಿನ್ನ ಕಾಗದವನ್ನು ದೊಡ್ಡಬಸಪ್ಪನ ಮೇಜಿನ ಮೇಲೆ ಇಟ್ಟೆ. ಅವನು ಓದಿ, ಎದ್ದು ಬಾಗಿಲು ಮುಂದೆ ಮಾಡಿ ಹೇಳಿದ. ಫೆಬ್ರವರಿಯಲ್ಲಿ ಅವನು ಹಲಗೆಯ ಮೇಲೆ ಕಾಗದ ಇಟ್ಟುಕೊಂಡು, ಈ ಗದ್ದೆಪ್ಪ ಅನ್ನೋ ಮಗ ನಿನಗ ಅದಾನೇನು ಎಂದು ಕೇಳಿದ್ದನಂತೆ. ಅಪ್ಪನಿಗೆ ಸಿಟ್ಟು ಬಂತಂತೆ. "ಯಾವ ಮಗ ಅಂತ ಏನ್ ಕೇಳತೀರಿ ಸಾಹೇಬ್ರ, ನನಗ ಇರಾಂವನ ಒಬ್ಬ" ಎಂದನಂತೆ. ನಡತೆ ಹೇಗೆ ಎಂದರೆ, ಅವನ ಬಾಯಿಂದ ಸುಳ್ಳು ಬರೂದಿಲ್ಲ, ಅದಕ್ಕ ನನ್ನ ಕೂಡ ಹೊಂದಲಿಲ್ಲ ಎಂದನಂತೆ. ಉರ್ದುವಿನಲ್ಲಿ ಸಹಿ ಹಾಕಿದ್ದಾನೆ. ಅದೇ ದಿನ ಕಾಗದ ಮೇಲಕ್ಕೆ ಹೋಗಿದೆ.

ಚಾಚಿ ಕೇಳಿದ್ದು ಅರ್ಧ. ನಾನು ಅದನ್ನು ನಿನಗೆ ಬರೆದೆ. ನಿನಗಿಂತ ನನ್ನ ತಪ್ಪು ದೊಡ್ಡದು.

ಅಲ್ಲಿಗೇನಾದರೂ ಬಂದರೆ ತಕ್ಷಣ ತಂತಿ ಕೊಡು. ಅವನಿಗೆ ಅರವತ್ತೆಂಟು ವರ್ಷ. ರಾಯಚೂರು ದಾಟಿ ಒಬ್ಬನೇ ಹೋದವನಲ್ಲ.

ಅಮರಮ್ಮ


ಮುಂಬಯಿ
೧೫ ಮೇ ೧೯೯೦

ಅಕ್ಕನಿಗೆ,

ತಂತಿ ಮುಟ್ಟಿರಬೇಕು. ಅಪ್ಪ ಚೆನ್ನಾಗಿದ್ದಾನೆ. ಈಗ ನನ್ನ ಪಕ್ಕದಲ್ಲೇ ಮಲಗಿದ್ದಾನೆ, ಮಧ್ಯಾಹ್ನದ ನಿದ್ದೆ. ನಿನ್ನ ಕಾಗದ ನಿನ್ನೆ ಬಂತು.

ನಡೆದದ್ದನ್ನು ಬರೆಯುತ್ತೇನೆ. ನನ್ನ ವಿಳಾಸವಿದ್ದ ಕಾಗದದ ಲಕೋಟೆಯನ್ನು ಜೇಬಿನಲ್ಲಿ ಇಟ್ಟುಕೊಂಡು ರಾಯಚೂರಿನಲ್ಲಿ ರೈಲು ಹತ್ತಿದ್ದಾನೆ. ಇಲ್ಲಿ ಇಳಿದದ್ದು ಬೇರೆ ಸ್ಟೇಷನ್ನಿನಲ್ಲಿ. ಯಾರೂ ನಿಂತು ಅವನ ಮಾತು ಕೇಳಲಿಲ್ಲ, ಅವನ ಹರಕು ಉರ್ದುವೂ ನಡೆಯಲಿಲ್ಲ. ಕೊನೆಗೆ ಒಂದು ರಸ್ತೆಯಲ್ಲಿ ಕೆಂಪು ಕೋಟು ಹಾಕಿಕೊಂಡು ಕುಳಿತಿದ್ದ ಮದುವೆ ಬ್ಯಾಂಡಿನವರನ್ನು ಕಂಡು ಅವರ ಹತ್ತಿರ ಹೋಗಿ ಕುಳಿತನಂತೆ. ಅವರು ಇವನ ಕೋಟು ನೋಡಿದರು. ಎರಡು ದಿನ ಅವರಿಗೆ ಪುರುಸೊತ್ತಿರಲಿಲ್ಲ, ಮದುವೆಗಳಿದ್ದವು. ಇವನೂ ಅವರ ಕ್ಲಾರಿನೆಟ್ ಇಸಿದುಕೊಂಡು ಎರಡೂ ಮದುವೆ ಊದಿದ್ದಾನೆ. ನೀವು ಅಲ್ಲಿ ಕಾಲುವೆ ನೋಡುತ್ತಿದ್ದಿರಿ, ಇವನು ಇಲ್ಲಿ ವರನ ಕುದುರೆಯ ಮುಂದೆ ನಡೆಯುತ್ತಿದ್ದ.

ಭಾನುವಾರ ಬೆಳಿಗ್ಗೆ ಅವರಲ್ಲಿ ಒಬ್ಬ ನನ್ನ ಖೋಲಿಗೆ ಕರೆತಂದು, ಅಲ್ಲಿ ನಾನಿಲ್ಲದೆ, ಪಕ್ಕದವರನ್ನು ಕೇಳಿ ಹಾಲಿಗೆ ಕರೆತಂದ. ನಾವು ಆಗಲೇ ಶುರು ಮಾಡಿದ್ದೆವು. ಜರ್ಮನಿಗೆ ಹೊರಟಿರುವ ಆ ಇಬ್ಬರ ಜೊತೆ ನನ್ನ ಕೊನೆಯ ಭಾನುವಾರ ಅದು. ಕಣ್ಣು ಮುಚ್ಚಿ ಊದುತ್ತಿದ್ದವನು ಉಸಿರು ತೆಗೆದುಕೊಳ್ಳಲು ಕಣ್ಣು ತೆರೆದರೆ, ಬಾಗಿಲ ಹತ್ತಿರ ಅಪ್ಪನ ಕೆಂಪು ಕೋಟು.

ನನ್ನ ಬೆರಳು ನಿಂತವು. ಡ್ರಮ್ಮಿನವನು ನನ್ನ ಮುಖ ನೋಡಿದ. ಎದ್ದು ಹೋಗಿ ಕಾಲಿಗೆ ಬೀಳಬೇಕೋ, ಓಡಿಹೋಗಬೇಕೋ ತಿಳಿಯಲಿಲ್ಲ. ಸ್ಯಾಕ್ಸೋಫೋನ್ ಕೆಳಗಿಟ್ಟು ಕ್ಲಾರಿನೆಟ್ ಎತ್ತಿಕೊಂಡೆ. ಅವನಿಗೆ ಹಿಡಿಸುವ ಒಂದು ಹಾಡು ಊದಿಬಿಡೋಣ ಎಂದು ಒಂದು ಗಳಿಗೆ ಮನಸ್ಸಿಗೆ ಬಂತು. ಊದಿದ್ದರೆ ಅವನಿಗೆ ಗೊತ್ತಾಗುತ್ತಿತ್ತು. ಹಾಗಾಗಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದೆ ಹೋದೆ. ಕಿರಿಚುವಲ್ಲಿ ಕಿರಿಚಿದೆ. ಹೆದರಿಕೆ ಇತ್ತು, ಅದನ್ನೂ ಊದಿದೆ.

ಅವನು ಕುಳಿತುಕೊಳ್ಳಲಿಲ್ಲ. ಕುರ್ಚಿ ಖಾಲಿ ಇದ್ದವು. ಒಬ್ಬ ಹೆಣ್ಣುಮಗಳು ಎದ್ದು ತೋರಿಸಿದಳು, ಇವನು ಕೈ ಮುಗಿದು ಬಾಗಿಲಲ್ಲೇ ನಿಂತ. ಒಂದೂಕಾಲು ತಾಸು ನಿಂತೇ ಇದ್ದ.

ಮುಗಿದ ಮೇಲೆ ಹತ್ತಿರ ಹೋದೆ. ಕಾಗದದಲ್ಲಿ ಹಾಗೆ ಬರೆಯಬಾರದಿತ್ತು ಎಂದೆ. ಖಾಜಾ ಅದನ್ನು ಓದುವಾಗ ಎರಡು ಸಲ ಅತ್ತ, ಅವನಿಗೆ ಒಂದು ಮಾತು ಬರೆ ಎಂದ ಅಪ್ಪ. ಆಮೇಲೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದ. "ಬಲಗಡಿ ತುಟಿ ಸಡಿಲ ಬಿಡಾಕತ್ತಿ. ಉಸುರು ಅಲ್ಲಿಂದ ಸೋರಿ ಹೋಗತೈತಿ. ಅದಕ್ಕ ಉದ್ದಂದು ಸ್ವರ ಎತ್ತಿದಾಗ ಕಡೀಕ ಮುರೀತೈತಿ." ನಾಲ್ಕು ವರ್ಷದಿಂದ ನನಗೆ ಸಿಗದಿದ್ದ ತಪ್ಪು ಅದು. ಇಲ್ಲಿ ಯಾರೂ ಹೇಳಿರಲಿಲ್ಲ.

ನಿನ್ನೆ ಹಳೆಯ ಮನೆ ತೋರಿಸು ಎಂದ. ರಾಜಾಬೀಯ ಅಟ್ಟಕ್ಕೆ ಕರೆದೊಯ್ದೆ. ನಾನು ಆ ಮನೆ ಬಿಟ್ಟಿದ್ದು ಜನವರಿಯ ಕೊನೆಗೆ. ಮುದುಕಿ ನನ್ನನ್ನು ಕಂಡವಳೇ ಡಬ್ಬಿಯ ಕೆಳಗಿನಿಂದ ಒಂದು ಸರಕಾರಿ ಲಕೋಟೆ ತೆಗೆದು ಕೊಟ್ಟಳು. ಮಾರ್ಚ್‌ನಲ್ಲಿ ಬಂದದ್ದು. ನಾನು ಓದಿದ ಶಾಲೆಯ ದಾಖಲೆಯಲ್ಲಿ ಗದ್ದೆಪ್ಪ ತಂದೆ ಅಂಬಪ್ಪ ಎಂದಿದೆ, ಹೋಟೆಲಿನ ನೌಕರಿಯ ಪತ್ರದಲ್ಲಿ ಗ್ಯಾರಿ ಎಂದಿದೆ, ಇಬ್ಬರೂ ಒಬ್ಬರೇ ಎಂದು ಮೂವತ್ತು ದಿನದಲ್ಲಿ ಬರೆದುಕೊಡಿ ಎಂದು ಕೇಳಿದ್ದರು. ಮನೆ ಬದಲಿಸಿದ್ದನ್ನು ನಾನು ತಿಳಿಸಿರಲಿಲ್ಲ. ಅಷ್ಟೇ. ಅಪ್ಪನ ಸಹಿ ಎಲ್ಲೂ ತಡೆದಿರಲಿಲ್ಲ, ತಡೆದದ್ದು ನಾನು.

ಇದನ್ನು ಅವನಿಗೆ ಓದಿ ಹೇಳಿದೆ. ಗ್ಯಾರಿ ಅಂದ್ರ ಯಾರು ಎಂದು ಕೇಳಿದ. ಹೋಟೆಲಿನವರು ಇಟ್ಟ ಹೆಸರು ಎಂದೆ. ಆ ಲಕೋಟೆಯನ್ನು ತಾನೇ ಹಿಡಿದುಕೊಂಡು ಮೆಟ್ಟಿಲು ಇಳಿದ.

ಗುರುವಾರ ರೈಲು ಹತ್ತಿಸುತ್ತೇನೆ, ರಾಯಚೂರಿಗೆ ಕಾಕಾನನ್ನು ಕಳಿಸು. ಒಂದು ಮಾತು ಅಕ್ಕ. ತುಟಿಯ ವಿಷಯ ಹೇಳಿದ್ದು ಬಿಟ್ಟರೆ, ನಾನು ಊದಿದ್ದು ಹೇಗಿತ್ತು ಎಂದು ಅವನು ಹೇಳಿಲ್ಲ. ನನಗೆ ಕೇಳಲು ಬಾಯಿ ಬರುತ್ತಿಲ್ಲ. ನೀನು ಕೇಳಿ ಬರೆ. ಕೆಟ್ಟದ್ದಾಗಿತ್ತು ಎಂದಿದ್ದರೂ ಬರೆ.

ನಿನ್ನ ತಮ್ಮ
ಗದ್ದೆಪ್ಪ


ಮಸ್ಕಿ
೬ ಮೇ ೧೯೯೧

ತಮ್ಮ ಗದ್ದೆಪ್ಪನಿಗೆ,

ಜರ್ಮನಿಯವರು ಈ ವರ್ಷ ಮತ್ತೆ ಕರೆದದ್ದು, ಟಿಕೇಟು ಬಂದದ್ದು, ಪಾಸ್‌ಪೋರ್ಟಿನಲ್ಲಿ ನಿನ್ನ ಹೆಸರು ಸರಿಯಾಗಿ ಕೂತದ್ದು ಎಲ್ಲ ತಿಳಿಯಿತು. ಜೂನ್ ಮೂರಕ್ಕೆ ವಿಮಾನ ಎಂದಿದ್ದೀಯ. ಅಲ್ಲಿ ಇಳಿದ ದಿನವೇ ತಂತಿ ಕೊಡು. ವಿಮಾನದ ಸುದ್ದಿ ರೇಡಿಯೋದಲ್ಲಿ ಬಂದರೆ ನಾನು ಈಗಲೇ ಕಿವಿ ಮುಚ್ಚಿಕೊಳ್ಳುತ್ತಿದ್ದೇನೆ.

ಒಂದು ವರ್ಷದಿಂದ ನಿನಗೊಂದು ಉತ್ತರ ಕೊಡುವುದು ಬಾಕಿ ಇ‍ತ್ತು. ಅಪ್ಪನನ್ನು ಹಲವು ಸಲ ಕೇಳಿದೆ. ಮುಂಬಯಿಯಲ್ಲಿ ಬಿಸಿಲು ಇಲ್ಲಿಗಿಂತ ಕಡಿಮೆ ಎನ್ನುತ್ತಿದ್ದ, ರಾಜಾಬೀಯ ಚಹಾ ಚೆನ್ನಾಗಿತ್ತು ಎನ್ನುತ್ತಿದ್ದ. ನಾನೂ ಕೇಳುವುದನ್ನು ಬಿಟ್ಟೆ.

ಮೊನ್ನೆ ಗುರುವಾರ ಲಿಂಗಸುಗೂರಿನಲ್ಲಿ ಒಂದು ದೊಡ್ಡ ಮದುವೆ. ಕಾಕಾ ಬಂದು ಹೇಳಿದ್ದನ್ನೇ ಬರೆಯುತ್ತೇನೆ. ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕುವುದು ಮುಗಿದು ಊಟದ ಪಂಕ್ತಿ ಕುಳಿತಿತ್ತು. ಎಂದಿನಂತೆ ಬ್ಯಾಂಡಿನವರು ಪೆಂಡಾಲಿನ ಹೊರಗೆ ಬಿಸಿಲಿಗೆ ನಿಂತು ಊದುತ್ತಿದ್ದರು. ಅಪ್ಪ ನಡುವೆ ಕ್ಲಾರಿನೆಟ್ ಬಾಯಿಂದ ತೆಗೆದ. ಉಸಿರು ಹಿಡಿಯಿತೇನೋ ಎಂದು ಕಾಕಾ ಹೆದರಿ ಡ್ರಮ್ಮು ನಿಲ್ಲಿಸಿದ. ಹುಡುಗನ ಮಾವ ಎಂಜಲು ಕೈಯಲ್ಲೇ ಎದ್ದು ಬಂದು, ಯಾಕ ನಿಂದ್ರಿಸಿದಿ ಎಂದ. ಅಪ್ಪ ಮೆತ್ತಗೆ ಹೇಳಿದನಂತೆ, "ಉಣ್ರಿ ಮೊದ್ಲ. ಉಂಡ ಮ್ಯಾಲ ಊದತೀವಿ. ಬಂದು ಕುಂತು ಕೇಳ್ರಿ."

ಊಟಕ್ಕ ಊದಾಕ ಅಂತನ ಕರಿಸೀವಿ ಎಂದು ಮಾವ ಸಿಟ್ಟಾದ. ಅಪ್ಪ ಬೇವಿನ ಗಿಡದ ನೆರಳಿಗೆ ಹೋಗಿ ಕುಳಿತ. ಅವನು ಕುಳಿತ ಮೇಲೆ ಉಳಿದವರೂ ಕುಳಿತರು. ಪಂಕ್ತಿ ಮುಗಿಯುವವರೆಗೆ ಸಪ್ಪಳವಿಲ್ಲ. ಇನ್ನು ಮುಂದೆ ಆ ಊರಲ್ಲಿ ನಮ್ಮನ್ನು ಯಾರೂ ಕರೆಯುವುದಿಲ್ಲ ಎಂದು ಕಾಕಾ ಅಂದಿನಿಂದ ಚಡಪಡಿಸುತ್ತಿದ್ದಾನೆ. ನನಗೂ ಅದೇ ಚಿಂತೆ. ಎರಡು ಮನೆಯವರು ಆಗಲೇ ಬೇರೆ ಬ್ಯಾಂಡು ಹಿಡಿದರು ಎಂದು ಕೇಳಿದೆ.

ಕಾಕಾ ಹೋದ ಮೇಲೆ ಅಪ್ಪನ ಹತ್ತಿರ ಕುಳಿತೆ. ಯಾಕೆ ಹೀಗೆ ಮಾಡಿದೆ ಎಂದೆ. ಕ್ಲಾರಿನೆಟ್ಟಿನ ಬಾಯಿಯ ರೀಡನ್ನು ಒರೆಸಿಟ್ಟ. ಆಮೇಲೆ, ಗದ್ದೆಪ್ಪಗ ಬರಿ ಎಂದ. ಹೇಳಿದಂತೆಯೇ ಬರೆಯುತ್ತಿದ್ದೇನೆ.

"ನೀ ಊದಿದ್ದು ನನಗ ಪೂರಾ ತಿಳೀಲಿಲ್ಲ. ಕೆಲವು ಕಡೆ ತಿಳೀತು. ಆದ್ರ ಆ ಮಂದಿ ಬಾಯಾಗ ಏನೂ ಇಟಗೊಳ್ಳದ, ಮಾತಾಡದ, ನಿನ್ನ ಕಡೀನ ನೋಡಿಕೋತ ಕುಂತಿದ್ರು. ಬರೇ ಕೇಳಾಕ ಬಂದಿದ್ರು. ನಾ ಐವತ್ತು ವರ್ಷ ಊದೀನಿ. ನನ್ನ ಮುಂದ ಯಾರೂ ಹಂಗ ಕುಂತಿದ್ದಿಲ್ಲ."

ಲಿಂಗಸುಗೂರಿನಲ್ಲಿ ಊಟದ ಮೇಲೆ ಊದಿದೆಯಾ, ಯಾರಾದರೂ ಬಂದು ಕುಳಿತರಾ ಎಂದು ಕೇಳಿದೆ. ಅರ್ಧ ತಾಸು ಊದಿದೆ ಎಂದ. ಐದು ಮಂದಿ ಕುಳಿತರಂತೆ. ಒಬ್ಬ ಮುದುಕಿ ನಡುವೆ ಎದ್ದು ಹೋದಳಂತೆ. ಆಮೇಲೆ ಮೊಮ್ಮಗಳನ್ನು ಕರೆದುಕೊಂಡು ಮತ್ತೆ ಬಂದು ಕುಳಿತಳಂತೆ.

ನಿನ್ನ ಅಕ್ಕ
ಅಮರಮ್ಮ